ಬ್ಯಾಟರಿ ಗ್ಲೌಸಿದ್ದರೂ ಬೆರಳು ಮರಗಟ್ಟುವುದೇಕೆ?

ಪ್ರಶ್ನೆ: ಪುಣೆಯ ಕೋಥ್ರೂಡಿನಲ್ಲಿದ್ದೇವೆ. ಕಳೆದ ವರ್ಷ ಉತ್ತರಾಖಂಡದ ಔಲಿಗೆ ಸ್ಕೀ ಕಲಿಯಲು ಹೋಗಿದ್ದಾಗ ಅರ್ಧ ಗಂಟೆಗೆಲ್ಲ ನನ್ನ ಬೆರಳು ಮರಗಟ್ಟಿ, ಹಿಮಕ್ಕಿಂತ ಹೋಟೆಲಿನ ಹೀಟರನ್ನೇ ಹೆಚ್ಚು ನೋಡಿದ್ದಾಯಿತು. ಈ ಸಲ ಜನವರಿ ಕೊನೆಗೆ ಹೆಂಡತಿ ಮತ್ತು 12 ವರ್ಷದ ಮಗಳ ಜತೆ ಗುಲ್ಮರ್ಗಿಗೆ ಹೊರಟಿದ್ದೇವೆ. ಒಳಗಿನ ತಂತಿ ಬಿಸಿಯಾಗುವ 7.4 ವೋಲ್ಟಿನ ಬ್ಯಾಟರಿ ಗ್ಲೌಸು ತಂದಿಟ್ಟುಕೊಂಡಿದ್ದೇನೆ. ಅದರೊಳಗೆ ದಪ್ಪ ಉಣ್ಣೆಯ ಲೈನರ್ (ಒಳಗ್ಲೌಸು) ಹಾಕಿದರೆ ಕೈ ತೂರಿಸುವುದೇ ಕಷ್ಟ. ಲೈನರ್ ಬೇಕೇ? ಬ್ಯಾಟರಿ ದಿನವಿಡೀ ಬರುತ್ತದೆಯೇ? ವಿಮಾನದಲ್ಲಿ ಬಿಡುತ್ತಾರೆಯೇ? ಹೆಂಡತಿಗೆ ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆದರೂ ಬೆರಳು ಬೆಳ್ಳಗಾಗುತ್ತದೆ. ಅವಳಿಗೂ ಇಂಥದ್ದೇ ಒಂದು ಜತೆ ಕೊಡಿಸಲೇ?

ಉತ್ತರ: ಲೈನರ್ ಬೇಕು, ಆದರೆ ನೀವು ತಂದಿರುವ ದಪ್ಪದ್ದು ಬೇಡ. ಬ್ಯಾಟರಿ ಗ್ಲೌಸಿನ ಮೇಲಿನ ಭರವಸೆಯನ್ನೂ ಅರ್ಧಕ್ಕೆ ಇಳಿಸಿಕೊಳ್ಳಿ. ಕೈಗೆ ಬಿಸಿ ತರುವುದು ರಕ್ತ. ಗ್ಲೌಸಿನೊಳಗಿನ ತಂತಿ ಅದಕ್ಕೆ ಒಂದಿಷ್ಟು ಕೈಜೋಡಿಸುತ್ತದೆ, ಅಷ್ಟೆ. ಒದ್ದೆಯಾದ ಗ್ಲೌಸಿನಲ್ಲಂತೂ ಅಷ್ಟೂ ಆಗುವುದಿಲ್ಲ.

ಔಲಿಯಲ್ಲಿ ಏನಾಗಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೊಸಬರಿಗೆ ಮೊದಲ ಒಂದೆರಡು ದಿನ ಲಿಫ್ಟಿನ ಸುಖ ಇರುವುದಿಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡು ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆಯಿಟ್ಟು ದಿಬ್ಬ ಹತ್ತಬೇಕು, 20 ಮೀಟರ್ ಜಾರಬೇಕು, ಬೀಳಬೇಕು, ಹಿಮಕ್ಕೆ ಕೈಯೂರಿ ಏಳಬೇಕು, ಮತ್ತೆ ಹತ್ತಬೇಕು. ಹತ್ತುವಾಗ ಮೈಯೆಲ್ಲ ಬೆವರು. ಇದರ ಮೇಲೆ ಅಂಗೈಯ ಬೆವರುಗ್ರಂಥಿಗಳಿಗೆ ಇನ್ನೊಂದು ಗುಣವಿದೆ: ಸೆಕೆಗಿಂತ ಹೆಚ್ಚಾಗಿ ಅವು ಭಯಕ್ಕೆ ಬೆವರುತ್ತವೆ. ಇಳಿಜಾರಿನ ತುದಿಯಲ್ಲಿ ಕೋಲು ಬಿಗಿಯಾಗಿ ಹಿಡಿದು ನಿಂತವರ ಗ್ಲೌಸು ಒಳಗಿನಿಂದಲೇ ಒದ್ದೆಯಾಗುತ್ತದೆ. ಬಿದ್ದಾಗ ಮಣಿಕಟ್ಟಿನ ಸಂದಿಯಿಂದ ಹಿಮ ಒಳಸೇರಿ ಕರಗುತ್ತದೆ. ಆಮೇಲೆ ಸರದಿ ಬರಲೆಂದು ಹತ್ತು ನಿಮಿಷ ಸುಮ್ಮನೆ ನಿಲ್ಲುತ್ತೀರಿ. ಬೆರಳು ಸೋಲುವುದು ಆ ಹತ್ತು ನಿಮಿಷದಲ್ಲಿ.

ನಿಶ್ಚಲವಾಗಿ ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ. ಗ್ಲೌಸು ಬೆಚ್ಚಗಿಡುವುದೇ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದು ನಿಲ್ಲಿಸುವುದರಿಂದ. ಆ ಜಾಗವನ್ನು ನೀರು ಹಿಡಿದರೆ ಮುಗಿಯಿತು. ನೀರು ಸುಮ್ಮನೆ ಕೂರುವುದೂ ಇಲ್ಲ, ಆವಿಯಾಗುತ್ತಾ ಬಿಸಿಯನ್ನು ಹೀರುತ್ತದೆ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಬೇಕು. ನಿಮ್ಮ ಗ್ಲೌಸು ನಡುವಿನ ಸೆಟ್ಟಿಂಗಿನಲ್ಲಿ ಹೆಚ್ಚೆಂದರೆ 5 ವಾಟ್ ಕೊಡುತ್ತದೆ, ಅಂದರೆ ಸೆಕೆಂಡಿಗೆ 5 ಜೂಲ್. ಲೆಕ್ಕ ಹಾಕಿ ನೋಡಿ: ಒಂದು ಗ್ರಾಂ ಬೆವರು ಎಂಟು ನಿಮಿಷದ ಬ್ಯಾಟರಿ ಬಿಸಿಯನ್ನು ನುಂಗುತ್ತದೆ. ಒಂದು ಟೀ ಚಮಚದಷ್ಟು, ಅಂದರೆ 5 ಗ್ರಾಂ ಬೆವರಿದ್ದರೆ 40 ನಿಮಿಷದ ಬಿಸಿ ಅದಕ್ಕೇ ಹೋಯಿತು. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಬ್ಯಾಟರಿ ದೊಡ್ಡದು ತಂದರೂ ಒದ್ದೆ ಗ್ಲೌಸಿಗೆ ಉಪಯೋಗವಿಲ್ಲ ಎನ್ನುವುದು ಇದಕ್ಕೇ.

ಇನ್ನು ಬೆರಳೇ ಯಾಕೆ? ಬೆರಳು ಸಣ್ಣ, ಉದ್ದ, ಸುತ್ತಲೂ ಚಳಿಗೆ ಒಡ್ಡಿಕೊಂಡದ್ದು. ಒಳಗೆ ಬಿಸಿ ಹುಟ್ಟಿಸುವ ಸ್ನಾಯುವೂ ಇಲ್ಲವೆನ್ನಬೇಕು. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳೆಲ್ಲ ಮುಂದೋಳಿನಲ್ಲಿವೆ. ಎದೆ-ಹೊಟ್ಟೆ ತಣ್ಣಗಾಗುವ ಸೂಚನೆ ಸಿಕ್ಕಿದ ಕೂಡಲೇ ದೇಹ ಬೆರಳಿನ ರಕ್ತನಾಳಗಳನ್ನು ಕುಗ್ಗಿಸಿ ಅಲ್ಲಿಗೆ ಹೋಗುವ ರಕ್ತವನ್ನು ಕಡಿತಗೊಳಿಸುತ್ತದೆ. ಹಾಗಾಗಿ ಬೆರಳು ತಣ್ಣಗಾಯಿತೆಂದರೆ ಮೊದಲು ಜಾಕೆಟ್ಟಿನ ಒಳಗೆ ನೋಡಬೇಕು. ಬೆವರಿದ ಹತ್ತಿ ಬನಿಯನ್ ಬೆನ್ನಿಗಂಟಿದ್ದರೆ, ಕುತ್ತಿಗೆ ತೆರೆದಿದ್ದರೆ, ಬೆಳಗ್ಗೆ ಬರೀ ಚಹಾ ಕುಡಿದು ಹೊರಟಿದ್ದರೆ ಯಾವ ಗ್ಲೌಸೂ ಸಾಲದು. ಮೈಗೆ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯ ಒಳಅಂಗಿ, ಕುತ್ತಿಗೆಗೆ ಬಫ್ (ಕೊಳವೆಯಂಥ ಬಟ್ಟೆಪಟ್ಟಿ), ಹೊಟ್ಟೆಗೆ ಗಟ್ಟಿ ತಿಂಡಿ: ಕೈ ಬೆಚ್ಚಗಿಡುವ ಕೆಲಸದ ಅರ್ಧ ಭಾಗ ಇಷ್ಟೇ. ಸಿಗರೇಟು ಸೇದುವವರಿಗೆ ಒಂದು ಮಾತು: ನಿಕೋಟಿನ್ ಇದೇ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಒಂದು ಪೆಗ್ ಹಾಕಿದರೆ ಮೈ ಬೆಚ್ಚಗೆನಿಸುವುದು ಚರ್ಮಕ್ಕೆ ರಕ್ತ ನುಗ್ಗುವುದರಿಂದ. ಆ ಬಿಸಿ ಒಳಗಿನಿಂದ ಹೊರಕ್ಕೆ ಸೋರಿಹೋಗುತ್ತಿರುತ್ತದೆ. ಅದು ಸಂಜೆ ಕೋಣೆಯಲ್ಲಿರಲಿ.

ಗುಲ್ಮರ್ಗಿನ ಚಳಿಯ ಲೆಕ್ಕ ಹೀಗೆ. ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ನಿಮ್ಮನ್ನು ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರಿನವರೆಗೆ ಒಯ್ಯುತ್ತದೆ. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಇಳಿಯುವುದರಿಂದ ಕೆಳಗೆ ಮೈನಸ್ 5 ಇದ್ದಾಗ ಮೇಲೆ ಮೈನಸ್ 13ರ ಆಸುಪಾಸು ಇರುತ್ತದೆ. ಕಲಿಯುವವರು ಬಹುಪಾಲು ಕೆಳಗಿನ ಬಯಲಿನಲ್ಲೇ ಇರುತ್ತೀರಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನಿಯರಿಂಗ್‌ನ ತರಗತಿಗಳೂ ಅಲ್ಲೇ ಶುರುವಾಗುತ್ತವೆ. ಹಾಗಾಗಿ ನಿಮ್ಮ ಸಮಸ್ಯೆ ಮೈನಸ್ 13ರದ್ದಲ್ಲ, ಒದ್ದೆಯದ್ದು. ಗಾಳಿಯ ಮಾತು ಬೇರೆ: ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಷ್ಟು ಕೊರೆಯುತ್ತದೆ. ಗಾಳಿ ತೂರದ ಗ್ಲೌಸಿನೊಳಗಿನ ಕೈಗೆ ಈ ಲೆಕ್ಕ ಅಷ್ಟಾಗಿ ತಟ್ಟುವುದಿಲ್ಲ. ಫೋಟೋ ತೆಗೆಯಲೆಂದು ಗ್ಲೌಸು ಬಿಚ್ಚಿದ ಕೈಗೆ ತಟ್ಟುತ್ತದೆ.

ಈಗ ಲೈನರ್. ಬ್ಯಾಟರಿ ಗ್ಲೌಸಿನಲ್ಲಿ ಬಿಸಿತಂತಿಯ ಹೊರಗಡೆ ದಪ್ಪ ಹೊದಿಕೆಯಿದೆ, ಒಳಗಡೆ ತೆಳು ಅಸ್ತರಿ ಮಾತ್ರ ಇದೆ. ಬಿಸಿ ಹೊರಗೆ ಹೋಗದೆ ಚರ್ಮದ ಕಡೆಗೆ ಬರಲೆಂದೇ ಹಾಗೆ ಮಾಡಿರುತ್ತಾರೆ. ನೀವು ದಪ್ಪ ಉಣ್ಣೆಯ ಲೈನರ್ ತೂರಿಸಿದರೆ ತಂತಿಗೂ ಚರ್ಮಕ್ಕೂ ನಡುವೆ ಕಂಬಳಿ ಹೊದಿಸಿದಂತೆ. ಜತೆಗೆ ಬಿಗಿಯಾಗಿ ರಕ್ತ ಸಂಚಾರವೂ ಕಡಿಮೆಯಾಗುತ್ತದೆ, ಗಾಳಿ ನಿಲ್ಲುವ ಜಾಗವೂ ಹೋಗುತ್ತದೆ. ನಿಮಗೆ ಬೇಕಾದದ್ದು ರೇಷ್ಮೆಯ ತೆಳು ಲೈನರ್, ಇಲ್ಲವೇ ಚದರ ಮೀಟರಿಗೆ 150 ಗ್ರಾಂ ತೂಕದ ಮೆರಿನೋ. ಅದರ ಮುಖ್ಯ ಕೆಲಸ ಬೆವರನ್ನು ಚರ್ಮದಿಂದ ಎಳೆದುಕೊಳ್ಳುವುದು, ನೆನೆದಾಗ ಬದಲಾಯಿಸಲು ಸಿಗುವುದು. ಗ್ಲೌಸಿನ ಅಸ್ತರಿಯನ್ನು ಬಿಚ್ಚಿ ಒಣಗಿಸಲಾಗದು, ಲೈನರನ್ನು ಬಿಚ್ಚಬಹುದು. ಆದ್ದರಿಂದ ಒಬ್ಬರಿಗೆ ಮೂರು ಜತೆ ಇರಲಿ: ಬೆಳಗ್ಗೆಗೆ ಒಂದು, ಊಟದ ನಂತರಕ್ಕೆ ಒಂದು, ಅಕಸ್ಮಾತ್ತಿಗೆ ಒಂದು. ಹತ್ತಿಯದ್ದು ಎಷ್ಟೇ ಮೆತ್ತಗಿದ್ದರೂ ಬೇಡ. ನೆನೆದ ಹತ್ತಿ ಸುಲಭಕ್ಕೆ ಒಣಗುವುದಿಲ್ಲ. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ಎರಡೇ ದಿನಕ್ಕೆ ವಾಸನೆ ಹೊಡೆಯುತ್ತದೆ. ಬೆರಳತುದಿಯಲ್ಲಿ ಫೋನಿನ ಪರದೆಗೆ ಸ್ಪಂದಿಸುವ ಬಟ್ಟೆ ಇದ್ದರೆ ಒಳ್ಳೆಯದು, ಹೊರಗ್ಲೌಸು ತೆಗೆದರೂ ಚರ್ಮ ತೆರೆದುಕೊಳ್ಳುವುದಿಲ್ಲ.

ಕೆಲವರು ಲೈನರಿನ ಕೆಳಗೆ ಆಸ್ಪತ್ರೆಯ ನೈಟ್ರೈಲ್ ಗ್ಲೌಸು ಹಾಕುವ ಉಪಾಯ ಹೇಳುತ್ತಾರೆ. ಬೆವರು ಹೊದಿಕೆಗೆ ಇಳಿಯದಂತೆ ಅದು ನಿಜಕ್ಕೂ ತಡೆಯುತ್ತದೆ. ಆದರೆ ಕೈ ತನ್ನದೇ ಬೆವರಿನಲ್ಲಿ ನೆನೆದು, ಊಟಕ್ಕೆ ಬಿಚ್ಚಿದ ಕ್ಷಣ ಹಿಡಿಯುವ ಚಳಿಯನ್ನು ಹೇಳಲಾಗದು. ಅತಿ ಚಳಿಯಲ್ಲಿ ದಿನಗಟ್ಟಲೆ ನಡೆಯುವವರ ಉಪಾಯ ಅದು, ಗುಲ್ಮರ್ಗಿನ ಬಯಲಿಗೆ ಬೇಡ. ಕೈಗೆ ಕೊಬ್ಬರಿಎಣ್ಣೆ ಹಚ್ಚಿಕೊಂಡರೆ ಚಳಿ ತಡೆಯುತ್ತದೆ ಎಂಬುದನ್ನೂ ಮರೆತುಬಿಡಿ. ಅದು ಒಡೆದ ಚರ್ಮಕ್ಕೆ ಸರಿ, ಚಳಿಗಲ್ಲ.

ಅಳತೆ ಸರಿಯಿದೆಯೇ ಎಂದು ಅಡುಗೆಮನೆಯಲ್ಲೇ ನೋಡಬಹುದು. ತೆಳು ಲೈನರ್ ಹಾಕಿ, ಮೇಲೆ ಗ್ಲೌಸು ಹಾಕಿ, ಬ್ಯಾಟರಿಯನ್ನೂ ಅದರ ಜೇಬಿನಲ್ಲಿಡಿ. ಲಟ್ಟಣಿಗೆಯನ್ನು ಸ್ಕೀ ಕೋಲಿನ ಹಾಗೆ ನೆಟ್ಟಗೆ ಹಿಡಿದು ಎರಡು ನಿಮಿಷ ಬಿಡದೆ ಇರಿ. ಬೆರಳ ತುದಿಗಳು ಗ್ಲೌಸಿನ ತುದಿಗೆ ಒತ್ತಿದರೆ ಅಥವಾ ಬೆರಳುಗಳ ನಡುವಿನ ಸಂದಿ ಎಳೆದಂತಾದರೆ ಅಳತೆ ಸಣ್ಣದು. ಕೈ ಚಾಚಿದಾಗ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಇರಬೇಕು. ಒಂದು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ತಂತಿ ಬೆರಳಿಂದ ದೂರ ಉಳಿದು ಖಾಲಿ ಜಾಗವನ್ನು ಕಾಯಿಸುತ್ತದೆ. ಲೈನರ್ ಇಲ್ಲದೆಯೇ ಬಿಗಿಯಾಗಿದ್ದರೆ ಹಿಂದುಮುಂದು ನೋಡದೆ ಅಂಗಡಿಗೆ ವಾಪಸು ಕೊಟ್ಟು ಒಂದು ಅಳತೆ ದೊಡ್ಡದು ತನ್ನಿ.

ಅದೇ ಹೊತ್ತಿಗೆ ಗ್ಲೌಸನ್ನು ಚಾಲೂ ಮಾಡಿ ಬಿಸಿ ಎಲ್ಲೆಲ್ಲಿ ಬರುತ್ತದೆ ನೋಡಿ. ಒಳ್ಳೆಯದರಲ್ಲಿ ತಂತಿ ಪ್ರತಿ ಬೆರಳಿನ ಎರಡೂ ಪಕ್ಕದಲ್ಲಿ ಹರಿದು ತುದಿಯನ್ನು ಸುತ್ತಿ ಬರುತ್ತದೆ, ಹೆಬ್ಬೆರಳಿಗೂ ಇರುತ್ತದೆ. ಅಗ್ಗದ್ದರಲ್ಲಿ ಅಂಗೈಯ ಹಿಂಬದಿಗೊಂದು ಬಿಸಿ ತಟ್ಟೆ ಅಂಟಿಸಿ ಕೈತೊಳೆದುಕೊಂಡಿರುತ್ತಾರೆ. ಚಳಿ ಹಿಡಿಯುವುದು ಬೆರಳತುದಿಗೆ, ಬಿಸಿ ಇರುವುದು ಬೇರೆಲ್ಲೋ. ಬೈಕ್ ಸವಾರರಿಗೆಂದು ಮಾಡಿದ, ಗೆಣ್ಣಿನ ಮೇಲೆ ಗಟ್ಟಿ ಕವಚವಿರುವ ಗ್ಲೌಸುಗಳೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಅವುಗಳಲ್ಲಿ ಹಲವು ಬೈಕಿನ 12 ವೋಲ್ಟ್ ಬ್ಯಾಟರಿಗೆ ಜೋಡಿಸುವಂಥವು. ಸ್ಕೀಗೆ ಅವು ಬಾರವು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕೆ ಡಬ್ಬದ ಮೇಲಿನ ಗಂಟೆಗಳನ್ನು ನಂಬಬೇಡಿ, ವಾಟ್-ಅವರ್ ನೋಡಿ. 7.4 ವೋಲ್ಟ್, 2,200 ಮಿಲಿಆಂಪ್-ಅವರ್ ಎಂದು ಬರೆದಿದ್ದರೆ 7.4 ಗುಣಿಸು 2.2, ಅಂದರೆ ಸುಮಾರು 16 ವಾಟ್-ಅವರ್. ದೊಡ್ಡ ಬಿಸಿಯಲ್ಲಿ ಗ್ಲೌಸು 7 ವಾಟ್ ಎಳೆದರೆ ಎರಡು ಗಂಟೆ ಚಿಲ್ಲರೆ, ನಡುವಿನದರಲ್ಲಿ 4.5 ವಾಟ್ ಎಳೆದರೆ ಮೂರೂವರೆ ಗಂಟೆ, ಸಣ್ಣದರಲ್ಲಿ 2.5 ವಾಟ್ ಎಂದರೆ ಆರು ಗಂಟೆಗಿಂತ ತುಸು ಹೆಚ್ಚು. ಇದು ಪುಣೆಯ ಹವೆಯಲ್ಲಿ. ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗುವುದರಿಂದ ಅಲ್ಲಿ ಈ ಗಂಟೆಗಳಲ್ಲಿ ಕಾಲುಭಾಗ ಕಳೆದುಕೊಂಡೇ ಲೆಕ್ಕ ಹಾಕಿ. "ಹತ್ತು ಗಂಟೆ ಬರುತ್ತದೆ" ಎಂದು ಬರೆದಿದ್ದರೆ ಅದು ಬಿಸಿ ಇದೆಯೋ ಇಲ್ಲವೋ ಎಂದು ಅನುಮಾನ ಬರುವ ಸೆಟ್ಟಿಂಗಿನಲ್ಲಿ. "65 ಡಿಗ್ರಿವರೆಗೆ ಬಿಸಿ" ಎಂಬುದು ತಂತಿಯ ಬಿಸಿ, ಬೆರಳಿನದ್ದಲ್ಲ.

ಬರೆದದ್ದು ನಿಜವೇ ಎಂದು ತಿಳಿಯಲು ಅಡುಗೆಮನೆಯ ತೂಕದ ಯಂತ್ರ ಸಾಕು. ಈ ಬಗೆಯ ಲಿಥಿಯಂ ಸೆಲ್ಲುಗಳಲ್ಲಿ ಒಂದು ಕಿಲೋಗೆ ಹೆಚ್ಚೆಂದರೆ 250 ವಾಟ್-ಅವರ್ ಹಿಡಿಸಬಹುದು. 16 ವಾಟ್-ಅವರಿನ ಬ್ಯಾಟರಿ 65 ಗ್ರಾಮಿಗಿಂತ ಹಗುರ ಇರಲಾರದು, ಕವಚ ಸೇರಿ 80ರಿಂದ 100 ಗ್ರಾಂ ತೂಗುವುದು ಸಹಜ. 7.4 ವೋಲ್ಟಿನ 4,000 ಮಿಲಿಆಂಪ್-ಅವರ್ ಎಂದು ಬರೆದದ್ದು ಬರೀ 70 ಗ್ರಾಂ ತೂಗಿದರೆ ಚೀಟಿ ಸುಳ್ಳು ಹೇಳುತ್ತಿದೆ. ನಿಜದ 4,000 ಆಗಿದ್ದರೆ 120 ಗ್ರಾಂ ಆದರೂ ತೂಗಬೇಕಿತ್ತು.

ದಿನವಿಡೀ ಬರುವುದಿಲ್ಲ ಎಂದಾಯಿತು. ಹಾಗಾದರೆ ಹೇಗೆ ಬಳಸಬೇಕು? ಕೋಣೆಯಲ್ಲಿ ಕೈ ಬೆಚ್ಚಗಿರುವಾಗಲೇ ಗ್ಲೌಸು ಹಾಕಿ, ಐದು ನಿಮಿಷ ದೊಡ್ಡ ಬಿಸಿಯಲ್ಲಿಟ್ಟು, ಹೊರಗೆ ಬಂದ ಮೇಲೆ ಸಣ್ಣದಕ್ಕೆ ಇಳಿಸಿ. ಮರಗಟ್ಟಿದ ಮೇಲೆ ಚಾಲೂ ಮಾಡುವುದು ಹೆಚ್ಚಿನವರು ಮಾಡುವ ತಪ್ಪು. ರಕ್ತನಾಳ ಮುಚ್ಚಿಕೊಂಡ ಬೆರಳನ್ನು 5 ವಾಟಿನಿಂದ ಎಬ್ಬಿಸುವುದು ಕಷ್ಟ, ಬೆಚ್ಚಗಿರುವುದನ್ನು ಹಾಗೇ ಉಳಿಸಿಕೊಳ್ಳುವುದು ಸುಲಭ. ದಿಬ್ಬ ಹತ್ತುವಾಗ ಪೂರ್ತಿ ಆರಿಸಿ, ಬೆವರುವಷ್ಟು ಬಿಸಿ ಮೈಯೇ ಕೊಡುತ್ತದೆ. ನಿಂತಾಗ, ಲಿಫ್ಟಿನಲ್ಲಿ ಕೂತಾಗ ನಡುವಿನದಕ್ಕೆ ಏರಿಸಿ. ಬೆರಳು "ಹಿತವಾಗಿ ಬಿಸಿ" ಎನಿಸಿದರೆ ಹೆಚ್ಚಾಯಿತು ಎಂದೇ ಅರ್ಥ, ಇನ್ನು ಕಾಲು ಗಂಟೆಗೆ ಬೆವರುತ್ತದೆ. ತಣ್ಣಗೂ ಅಲ್ಲ, ಬೆಚ್ಚಗೂ ಅಲ್ಲ, ಬೆರಳಿನ ನೆನಪೇ ಬಾರದಂತಿದ್ದರೆ ಸೆಟ್ಟಿಂಗ್ ಸರಿಯಿದೆ.

ಊಟಕ್ಕೆ ಕೂತಾಗ ಬ್ಯಾಟರಿ ಆರಿಸಿ, ಒದ್ದೆ ಲೈನರ್ ತೆಗೆದು, ಕೈ ಒರೆಸಿ, ಒಣಗಿದ್ದನ್ನು ಹಾಕಿ. ಒಣ ಜತೆಯನ್ನು ಜಿಪ್ ಪೊಟ್ಟಣದಲ್ಲಿ ಹಾಕಿ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡಿರಿ. ಹೆಚ್ಚುವರಿ ಬ್ಯಾಟರಿ ಜತೆಯೂ ಅಲ್ಲೇ, ಮೈಗೆ ತಾಗಿ. ಬ್ಯಾಗಿನಲ್ಲಿಟ್ಟರೆ ಅದು ತಣ್ಣಗಾಗಿ ಹಾಕಿದ ಹೊತ್ತಿಗೆ ಅರ್ಧ ಸತ್ತಿರುತ್ತದೆ. ಗ್ಲೌಸು ತೆಗೆದಾಗ ಹಿಮದ ಮೇಲೆ ಇಡಬೇಡಿ, ಬಾಯಿ ಮೇಲಾಗಿ ಕೋಲಿಗೆ ಸಿಕ್ಕಿಸಲೂ ಬೇಡಿ, ಹಿಮ ಒಳಗೆ ಬೀಳುತ್ತದೆ. ಮಣಿಕಟ್ಟಿನ ದಾರದಲ್ಲಿ ತೂಗಬಿಡಿ ಅಥವಾ ಎದೆಯೊಳಗೆ ತುರುಕಿಕೊಳ್ಳಿ. ಗ್ಲೌಸಿನೊಳಗೆ ಬಾಯಿಂದ ಹಬೆ ಊದುವ ಅಭ್ಯಾಸ ಬಹಳ ಜನರಿಗಿದೆ. ಆ ಹಬೆಯೂ ನೀರೇ.

ಬೆರಳು ತಣ್ಣಗಾಗುತ್ತಿದೆ ಅನಿಸಿದ ಕೂಡಲೇ ತೋಳನ್ನು ನೇರ ಚಾಚಿ ಭುಜದಿಂದ ದೊಡ್ಡ ಚಕ್ರದಂತೆ 30-40 ಸಲ ಬೀಸಿ. ಬೀಸುವ ವೇಗಕ್ಕೆ ರಕ್ತ ತುದಿಗೆ ನುಗ್ಗುತ್ತದೆ. ಅಕ್ಕಪಕ್ಕ ಜನರಿಲ್ಲದ ಜಾಗ ನೋಡಿ, ಕೋಲು ಕೆಳಗಿಟ್ಟು ಮಾಡಿ. ಕೋಲನ್ನು ಮುಷ್ಟಿ ಬಿಗಿದು ಹಿಡಿಯುವುದೂ ಬೆರಳಿಗೆ ಶತ್ರು. ಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ, ಪಟ್ಟಿ ಮತ್ತು ಹಿಡಿ ಎರಡನ್ನೂ ಸೇರಿಸಿ ಹಿಡಿದರೆ ಭಾರ ಪಟ್ಟಿಯ ಮೇಲೆ ಬಿದ್ದು ಬೆರಳು ಸಡಿಲವಾಗಿರುತ್ತದೆ. ಉಂಗುರ, ಬಳೆ, ಗಡಿಯಾರ ಕೋಣೆಯಲ್ಲೇ ಇರಲಿ. ಲೋಹ ಚರ್ಮದ ಬಿಸಿಯನ್ನು ಎಳೆದುಕೊಳ್ಳುತ್ತದೆ, ಬೆರಳು ಊದಿದರೆ ಉಂಗುರ ಹೊರಬರುವುದಿಲ್ಲ. ಬಳೆಯಿದ್ದರೆ ಗ್ಲೌಸಿನ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಆ ಸಂದಿಯಲ್ಲೇ, ಚರ್ಮಕ್ಕೆ ತೀರ ಹತ್ತಿರದಲ್ಲಿ, ಕೈಗೆ ಹೋಗುವ ಎರಡು ಮುಖ್ಯ ರಕ್ತನಾಳಗಳು ಹಾಯುತ್ತವೆ. ವೈದ್ಯರು ನಾಡಿ ಹಿಡಿದು ನೋಡುವುದು ಅವುಗಳಲ್ಲಿ ಒಂದನ್ನೇ. ಗ್ಲೌಸಿನ ಬಾಯಿ ಉದ್ದವಾಗಿದ್ದರೆ ಜಾಕೆಟ್ಟಿನ ತೋಳಿನ ಮೇಲೆ ಎಳೆದು ದಾರ ಬಿಗಿಯಿರಿ, ಗಿಡ್ಡವಾಗಿದ್ದರೆ ತೋಳಿನ ಒಳಗೆ.

ಇನ್ನು ನಿಮ್ಮ ಹೆಂಡತಿಯ ವಿಷಯ. ಹಾಲಿನ ಪ್ಯಾಕೆಟ್ ಮುಟ್ಟಿದರೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಬಿಸಿಗೆ ಬಂದಾಗ ಕೆಂಪಗೆ ಜುಮ್ಮೆನ್ನುವುದು ರೇನೋ ಎಂಬ ತೊಂದರೆಯ ಲಕ್ಷಣ. ಸಾಮಾನ್ಯರಿಗೆ ಕೊರೆಯುವ ಚಳಿಯಲ್ಲಿ ಆಗುವ ರಕ್ತನಾಳದ ಬಿಗಿತ ಇವರಿಗೆ ಫ್ರಿಜ್ಜಿನ ಚಳಿಗೇ ಆಗುತ್ತದೆ. ಬಹುಪಾಲು ಜನರಲ್ಲಿ ಇದು ನಿರಪಾಯಕಾರಿ, ಕೆಲವರಲ್ಲಿ ಬೇರೊಂದು ಕಾಯಿಲೆಯ ಸೂಚನೆ. ಹಾಗಾಗಿ ಹೊರಡುವ ಮೊದಲು ವೈದ್ಯರಿಗೆ ತೋರಿಸಲೇಬೇಕು. ರಕ್ತದೊತ್ತಡಕ್ಕೋ ಮೈಗ್ರೇನಿಗೋ ಬೀಟಾ-ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅವು ಬೆರಳನ್ನು ಇನ್ನಷ್ಟು ತಣ್ಣಗಾಗಿಸಬಲ್ಲವು. ಬ್ಯಾಟರಿ ಬಿಸಿಯಿಂದ ನಿಜವಾದ ಲಾಭ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ಇವರಿಗೆ. ಆದರೆ ಇವರಿಗೆ ಐದು ಬೆರಳಿನ ಗ್ಲೌಸು ಬೇಡ. ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ತೆಗೆದುಕೊಳ್ಳಿ, ಬ್ಯಾಟರಿಯದ್ದೇ ಸಿಗುತ್ತದೆ. ಬೆರಳುಗಳು ಒಂದರ ಬಿಸಿ ಇನ್ನೊಂದು ಹಂಚಿಕೊಳ್ಳುವುದರಿಂದ ಅಷ್ಟೇ ವಾಟಿನಲ್ಲಿ ಹೆಚ್ಚು ಬೆಚ್ಚಗಿರುತ್ತವೆ.

ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು ಮಾತ್ರ ಬಿಸಿ ಗ್ಲೌಸನ್ನು ಎಚ್ಚರದಿಂದ ಬಳಸಬೇಕು. ಚರ್ಮಕ್ಕೆ 44 ಡಿಗ್ರಿ ಬಿಸಿ ಸುಮಾರು ಆರು ಗಂಟೆ ತಾಗುತ್ತಿದ್ದರೆ ಸುಟ್ಟ ಗಾಯವೇ ಆಗುತ್ತದೆ. ಕೈಗೆ ಅದು ಉರಿಯೆಂದೂ ಅನಿಸುವುದಿಲ್ಲ. ಕಾಶ್ಮೀರಿಗಳು ಫೆರನ್ ಎಂಬ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕೆಂಡದ ಕುಡಿಕೆ ಕಾಂಗ್ರಿಯಿಂದ ತೊಡೆ-ಹೊಟ್ಟೆಯ ಚರ್ಮದಲ್ಲಿ ಕಂದು ಬಲೆಯಂಥ ಕಲೆ ಮೂಡುವುದು ಹೀಗೆಯೇ, ವರ್ಷಗಟ್ಟಲೆಯ ಹದ ಬಿಸಿಯಿಂದ. ಒಂದು ವಾರದ ಸ್ಕೀಯಿಂಗಿಗೆ ಆ ಭಯವಿಲ್ಲ, ಆದರೂ ಊಟದ ಹೊತ್ತಿಗೆ ಬೆರಳನ್ನು ಕಣ್ಣಿಂದ ನೋಡುವ ಅಭ್ಯಾಸ ಒಳ್ಳೆಯದು.

ಮಗಳಿಗೆ ಬ್ಯಾಟರಿ ಗ್ಲೌಸು ಬೇಡವೇ ಬೇಡ. ಸೆಟ್ಟಿಂಗ್ ಏರಿಸಿ ಇಳಿಸುವ ತಾಳ್ಮೆ ಆ ವಯಸ್ಸಿಗೆ ಇರುವುದಿಲ್ಲ, ಸ್ವಿಚ್ಚಿನ ದೀಪದ ಬಣ್ಣ ಬದಲಿಸುವುದೇ ಆಟವಾಗುತ್ತದೆ. ಒಳ್ಳೆಯ ನೀರು ತೂರದ ಮಿಟನ್ ಎರಡು ಜತೆ, ತೆಳು ಲೈನರ್ ಮೂರು ಜತೆ ಸಾಕು. ಗುಲ್ಮರ್ಗಿನಲ್ಲಿ ಬಾಡಿಗೆಗೆ ಸಿಗುವ ಗ್ಲೌಸಿನ ಮೇಲೆ ಭರವಸೆ ಇಡಬೇಡಿ. ಸ್ಕೀ, ಬೂಟು ಬಾಡಿಗೆಗೆ ತನ್ನಿ, ಗ್ಲೌಸು ಮನೆಯಿಂದಲೇ ಹೋಗಲಿ. ಅವಳಿಗೆಂದು ಕಬ್ಬಿಣದ ಪುಡಿಯ ಬಿಸಿಪೊಟ್ಟಣ ಒಂದಷ್ಟು ಇರಲಿ. ಗಾಳಿಯ ಆಮ್ಲಜನಕ ತಾಗಿ ಒಳಗಿನ ಕಬ್ಬಿಣದ ಪುಡಿ ತುಕ್ಕು ಹಿಡಿಯುವಾಗ ಬರುವ ಬಿಸಿ ಅದು. ಹೊರಡುವ 15-20 ನಿಮಿಷ ಮೊದಲೇ ಒಡೆದು, ಅಲುಗಿಸಿ, ಬಿಸಿಯಾದ ಮೇಲೆ ಮಿಟನ್ನಿನಲ್ಲಿ ಬೆರಳುಗಳ ಹಿಂಬದಿಗೆ ಇಡಬೇಕು, ಅಂಗೈಯಲ್ಲಿಟ್ಟರೆ ಕೋಲು ಹಿಡಿಯಲಾಗದು. ತೀರ ಬಿಗಿಯಾದ ಗ್ಲೌಸಿನಲ್ಲಿ ಗಾಳಿಯಾಡದೆ ಅದು ಆರಿದಂತಾಗುತ್ತದೆ. ಗಂಡೋಲಾದ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 62ರಷ್ಟೇ ಇರುವುದರಿಂದ ಅಲ್ಲಿ ಇನ್ನಷ್ಟು ಮಂಕು. ಕೆಟ್ಟುಹೋಗಿದೆ ಎಂದು ಎಸೆಯುವ ಮೊದಲು ಹೊರತೆಗೆದು ಒಮ್ಮೆ ಅಲುಗಿಸಿ ನೋಡಿ.

ಬೆರಳತುದಿಯಲ್ಲಿ ಮೇಣದಂತೆ ಬೆಳ್ಳನೆಯ ಮಚ್ಚೆ ಮೂಡಿ, ಚಿವುಟಿದರೂ ಗೊತ್ತಾಗದಿದ್ದರೆ ಅದು ಹಿಮಕಡಿತದ ಮೊದಲ ಮೆಟ್ಟಿಲು. ಕೂಡಲೇ ಒಳಗೆ ಹೋಗಿ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಹಿಮದಿಂದ ಉಜ್ಜುವ ಹಳೆಯ ಉಪಾಯ ಚರ್ಮವನ್ನು ಕೀಳುತ್ತದೆ, ಮರಗಟ್ಟಿದ ಕೈಯನ್ನು ನೇರ ಬುಖಾರಿಗೆ (ಕೋಣೆ ಬೆಚ್ಚಗಿಡುವ ಒಲೆಗೆ) ಒಡ್ಡಿದರೆ ಸುಟ್ಟದ್ದೇ ತಿಳಿಯುವುದಿಲ್ಲ. ಮಚ್ಚೆ ಹೋಗದಿದ್ದರೆ 37ರಿಂದ 39 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಬೇಕು. ಎಳೆಮಗುವಿನ ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡುತ್ತೇವಲ್ಲ, ಅಷ್ಟು ಹದ. ನೋಡುವುದು ಮಾತ್ರ ಇನ್ನೊಬ್ಬರ ಮೊಣಕೈ ಆಗಿರಲಿ. ರಕ್ತ ಮರಳುವಾಗ ಕಣ್ಣಲ್ಲಿ ನೀರು ಬರುವಷ್ಟು ನೋವಾಗುತ್ತದೆ, ಮಗಳಿಗೆ ಮೊದಲೇ ಹೇಳಿಡಿ. ನೀರುಗುಳ್ಳೆ ಎದ್ದರೆ, ಬೆರಳು ಗಟ್ಟಿಯಾಗಿಯೇ ಉಳಿದರೆ ವೈದ್ಯರಲ್ಲಿಗೆ ಹೋಗಬೇಕು. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇರುವಲ್ಲಿ ನೀರಲ್ಲಿ ಕರಗಿಸಲೇಬಾರದು. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಎತ್ತರದ ತೊಂದರೆಗೆಂದು ಡಯಾಮಾಕ್ಸ್ ನುಂಗಿದವರಿಗೆ ಬೆರಳು ಸುಮ್ಮಸುಮ್ಮನೆ ಜುಮ್ಮೆನ್ನುವುದುಂಟು, ಅದು ಮಾತ್ರೆಯ ಗುಣ. ಬಣ್ಣ ಸಹಜವಾಗಿದ್ದು ಸ್ಪರ್ಶ ತಿಳಿಯುತ್ತಿದ್ದರೆ ಗಾಬರಿ ಬೇಡ.

ವಿಮಾನಕ್ಕೆ: ಒಂದೊಂದು ಬ್ಯಾಟರಿ 100 ವಾಟ್-ಅವರಿಗಿಂತ ಕಡಿಮೆ ಇರುವುದರಿಂದ ಅಡ್ಡಿಯಿಲ್ಲ, ಆದರೆ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಹೋಗಬೇಕು, ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಗ್ಲೌಸಿನಿಂದ ಬಿಚ್ಚಿ, ಪಿನ್ನುಗಳಿಗೆ ಟೇಪು ಹಚ್ಚಿ, ವೋಲ್ಟು ಮತ್ತು ವಾಟ್-ಅವರ್ ಬರೆದ ಬದಿ ಕಾಣುವಂತೆ ಒಂದೇ ಪಾರದರ್ಶಕ ಪೊಟ್ಟಣದಲ್ಲಿಡಿ. ಶ್ರೀನಗರದಿಂದ ಮರಳುವಾಗ ತಪಾಸಣೆ ಹಲವು ಸುತ್ತು ನಡೆಯುತ್ತದೆ, ಪ್ರತಿಸಲ ಚೀಲ ಬಗೆಯುವುದು ತಪ್ಪುತ್ತದೆ. ಬ್ಯಾಟರಿಯ ಮೇಲಿನ ಬರಹ ಅಳಿಸಿಹೋಗಿದ್ದರೆ ಒಯ್ಯಲೇಬೇಡಿ.

ಚಾರ್ಜು ಮಾಡುವಲ್ಲಿ ಎರಡು ತಪ್ಪು ನಡೆಯುತ್ತದೆ. ಹಿಮದಿಂದ ಬಂದವರೇ ತಣ್ಣಗಿನ ಬ್ಯಾಟರಿಯನ್ನು ಸಾಕೆಟ್ಟಿಗೆ ಹಾಕುತ್ತಾರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಸೊರಗುತ್ತದೆ, ಅಪಾಯವೂ ಇದೆ. ಕೋಣೆಯ ಬಿಸಿಗೆ ಒಂದು ಗಂಟೆ ಬಿಟ್ಟು ಆಮೇಲೆ ಹಾಕಿ, ಚಳಿಗಾಲದಲ್ಲಿ ಅಲ್ಲಿ ಕರೆಂಟು ಹೋಗುವುದು ಮಾಮೂಲಾದ್ದರಿಂದ ರಾತ್ರಿಗೆ ಕಾಯದೆ ಸಂಜೆಯೇ ಹಾಕಿ. ಎರಡನೆಯದು ಚಾರ್ಜರ್ ಅದಲುಬದಲು. ಈ ಬ್ಯಾಟರಿಗಳ ಚಾರ್ಜರ್ 8.4 ವೋಲ್ಟಿನದು. ಮನೆಯ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರಿನ ದುಂಡು ಪಿನ್ನು ನೋಡಲು ಅದೇ ಥರ ಇರುತ್ತದೆ, ಕೆಲವೊಮ್ಮೆ ಕೂತೂ ಬಿಡುತ್ತದೆ. ಹಾಕಿದರೆ ಬ್ಯಾಟರಿ ಊದಿಕೊಳ್ಳಬಹುದು, ಬೆಂಕಿಯೂ ಹೊತ್ತಬಹುದು. ಚಾರ್ಜರಿಗೆ ಕೆಂಪು ದಾರ ಕಟ್ಟಿಡಿ. ಬ್ಯಾಟರಿಗಳಿಗೂ ಎಡ-ಬಲ ಗುರುತು ಹಾಕಿ, ಜತೆ ತಪ್ಪಿದರೆ ಒಂದು ಕೈ ನಡುಮಧ್ಯಾಹ್ನಕ್ಕೇ ತಣ್ಣಗಾಗುತ್ತದೆ.

ಒಣಗಿಸುವಾಗ ಗ್ಲೌಸನ್ನು ಹಿಂಡಬೇಡಿ. ಒಳಗಿನ ಬಿಸಿತಂತಿ ಮುರಿಯುವುದು ಬಹುತೇಕ ಬೆರಳಿನ ಬುಡದಲ್ಲಿ, ಮಡಚಿ ಮಡಚಿ ಸವೆದ ಜಾಗದಲ್ಲಿ. ಹಿಂಡಿದರೆ ಅದಕ್ಕೆ ಇನ್ನೊಂದು ಪೆಟ್ಟು. ಬುಖಾರಿಯಿಂದ ಒಂದೂವರೆ ಮೀಟರಾದರೂ ದೂರ, ಬೆರಳು ಮೇಲಾಗಿ, ಬಾಯಿ ಕೆಳಗಾಗಿ ನಿಲ್ಲಿಸಿ. ಒಳಗೆ ಹಳೆಯ ಪತ್ರಿಕೆಯ ಹಾಳೆ ಸುರುಳಿ ಮಾಡಿ ಇಟ್ಟು ಗಂಟೆಗೊಮ್ಮೆ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಅಂಗೈಗೆ ಚರ್ಮವಿದ್ದರೆ ಹತ್ತಿರದ ಬೆಂಕಿಗೆ ಅದು ಹಪ್ಪಳವಾಗುತ್ತದೆ.

ಹೊರಡುವ ಮುಂಚೆ ಪುಣೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಮನೆಯಲ್ಲಿ ಹಾಕಿ ನೋಡಿದರೆ ಬೆವರುವುದಷ್ಟೇ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವ ಮೊದಲು ಸಿಂಹಗಡದ ದಾರಿಯಲ್ಲಿ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಹೋಗಿ ಬನ್ನಿ. 10 ಡಿಗ್ರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗವಿದ್ದರೆ ತೆರೆದ ಚರ್ಮಕ್ಕೆ 5-6 ಡಿಗ್ರಿಯ ಅನುಭವ. ಒಂದು ಕೈಗೆ ಲೈನರ್ ಸಹಿತ, ಇನ್ನೊಂದಕ್ಕೆ ಲೈನರ್ ಇಲ್ಲದೆ ಹಾಕಿ, ಎರಡೂ ಸಣ್ಣ ಸೆಟ್ಟಿಂಗಿನಲ್ಲಿಟ್ಟು ಅರ್ಧ ಗಂಟೆಯ ನಂತರ ಹೋಲಿಸಿ. ಯಾವ ಬೆರಳಿಗೆ ಬಿಸಿ ತಲುಪುತ್ತಿಲ್ಲ, ಬಟನ್ನು ಗ್ಲೌಸು ಹಾಕಿದ ಕೈಯಿಂದ ಒತ್ತಲಾಗುತ್ತದೆಯೇ, ಬ್ಯಾಟರಿ ಎಷ್ಟು ಹೊತ್ತಿಗೆ ಕೆಂಪು ದೀಪ ತೋರಿಸುತ್ತದೆ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಗಾಡಿ ಓಡಿಸುವವರು ಇದನ್ನು ಹಾಕಬಾರದು, ಬ್ರೇಕಿನ ಹಿಡಿತ ತಿಳಿಯುವುದಿಲ್ಲ.

ಮರಳಿ ಬಂದ ಮೇಲೆ ಮುಖ್ಯ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಮುಂಬೈ, ಗೋವೆಯಲ್ಲಿರುವವರಿಗಂತೂ ಕಪಾಟಿನೊಳಗೇ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಗ್ಲೌಸಿನ ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಎರಡು ದಿನ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಮೆರಿನೋ ಲೈನರಿಗೆ ನುಸಿ ಹತ್ತುತ್ತದೆ, ಒಗೆದೇ ಎತ್ತಿಡಬೇಕು. ಬ್ಯಾಟರಿ ಗ್ಲೌಸಿನೊಳಗೆ ಉಳಿಯಬಾರದು. ಪೂರ್ತಿ ತುಂಬಿಸಿಯೂ ಅಲ್ಲ, ಪೂರ್ತಿ ಖಾಲಿ ಮಾಡಿಯೂ ಅಲ್ಲ, ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಬೇರೆಯಾಗಿ ಇರಲಿ, ಮೂರು ತಿಂಗಳಿಗೊಮ್ಮೆ ತೆಗೆದು ಅರ್ಧಕ್ಕೆ ತುಂಬಿಸಿ. ಹಾಗೆ ತೆಗೆದಾಗ ಹೊಟ್ಟೆ ಉಬ್ಬಿದ್ದು ಕಂಡರೆ ಅದನ್ನು ಚಾರ್ಜಿಗೆ ಹಾಕದೆ, ಕಸದ ಬುಟ್ಟಿಗೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.